ಎಲ್ಲವೂ ಸರ್ವರ್‌ನಲ್ಲಿದೆ ಎಂದಮೇಲೆ ಗ್ರಂಥಪಾಲಕರ ಕೆಲಸವೇನು?

ಹಸಿರು ಬೀರು (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ವಿನ್ಯಾಸ ಸಂಸ್ಥೆಯೊಂದರಲ್ಲಿ 19 ವರ್ಷಗಳಿಂದ ಗ್ರಂಥಪಾಲಕಿಯಾಗಿದ್ದೇನೆ. ನಾಲ್ಕು ವರ್ಷಗಳ ಹಿಂದೆ ನಮ್ಮ ವರದಿಗಳು, ನಕ್ಷೆಗಳು, ಮಾನದಂಡಗಳೆಲ್ಲ ಒಂದೇ ಡಿಜಿಟಲ್ ವ್ಯವಸ್ಥೆಗೆ ಹೋದವು. ಈಗ ವಾಚನ ಕೊಠಡಿಯನ್ನು ಸಭಾ ಕೊಠಡಿಯಾಗಿ ಮಾರ್ಪಡಿಸುತ್ತಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಬಂದು ಕುಳಿತು ಓದುತ್ತಿದ್ದವರು ದಿನಕ್ಕೆ ಇಬ್ಬರೋ ಮೂವರೋ ಅಷ್ಟೆ. ನನ್ನನ್ನು ಕಾಡುತ್ತಿರುವುದು ಬೇರೆ. ಆಡಳಿತ ವಿಭಾಗದವರು ಕರೆದು, "ಈಗ ಹುಡುಕಾಟದ ಸೌಲಭ್ಯ ಎಲ್ಲರ ಕಂಪ್ಯೂಟರಿನಲ್ಲೂ ಇದೆ. ಇನ್ನು ಮುಂದೆ ನಿಮ್ಮ ಪಾತ್ರವೇನು ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಡಿ" ಎಂದರು. ಎರಡು ವಾರ ಸಮಯ ಕೊಟ್ಟಿದ್ದಾರೆ. ಸಭ್ಯವಾಗಿಯೇ ಕೇಳಿದರು, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು. ಉತ್ತರ ಕೊಡಲಾಗದೆ ಒದ್ದಾಡುತ್ತಿರುವವಳು ನಾನು.

ಬರೆಯಲು ಕುಳಿತರೆ ಕೆಲಸಗಳ ಪಟ್ಟಿಯಾಗುತ್ತದೆ: ಚಂದಾ ನವೀಕರಣ, ಸ್ಕ್ಯಾನಿಂಗ್, ಪಾಸ್‌ವರ್ಡ್ ಹಂಚಿಕೆ, ಹೊಸಬರಿಗೆ ತರಬೇತಿ. ಓದಿ ನೋಡಿದರೆ, ಇದನ್ನು ಯಾರು ಬೇಕಾದರೂ ಮಾಡಬಹುದಲ್ಲ ಎಂದು ನನಗೇ ಅನ್ನಿಸುತ್ತದೆ.

ಆದರೆ ಒಂದು ಘಟನೆ ಹೇಳುತ್ತೇನೆ. ಕಳೆದ ತಿಂಗಳು ತಂಡವೊಂದು ಮಾನದಂಡವೊಂದರ ಹಳೆಯ ಆವೃತ್ತಿಯನ್ನು ಹಿಡಿದು ಮೂರು ವಾರ ಲೆಕ್ಕ ಹಾಕಿತ್ತು. ಹೊಸ ಆವೃತ್ತಿ ಅದೇ ವ್ಯವಸ್ಥೆಯಲ್ಲಿತ್ತು. ಹುಡುಕಿದಾಗ ಹಳೆಯದೇ ಮೇಲೆ ಬಂದಿತ್ತು, ಏಕೆಂದರೆ ಅದನ್ನು ವರ್ಷಗಳಿಂದ ಹೆಚ್ಚು ಜನ ತೆರೆದಿದ್ದರು. ಆ ತಂಡದ ಕಿರಿಯ ಎಂಜಿನಿಯರ್ ಬೇರೇನನ್ನೋ ಕೇಳಲು ನನ್ನ ಬಳಿ ಬಂದಾಗ, ಅವರ ಕೈಯಲ್ಲಿದ್ದ ಹಾಳೆಯ ಅಡಿಯಲ್ಲಿದ್ದ ವರ್ಷ ನನ್ನ ಕಣ್ಣಿಗೆ ಬಿತ್ತು. ಲೆಕ್ಕವನ್ನೆಲ್ಲ ಮತ್ತೆ ಮಾಡಿದರು. ಇದು ನನ್ನ ಪಟ್ಟಿಯ ಯಾವ ಸಾಲಿನಲ್ಲಿ ಬರುತ್ತದೆ? ಇದಕ್ಕೆ ಹೆಸರೇನು? ನಿಮ್ಮ ನಿಮ್ಮ ಸಂಸ್ಥೆಗಳಲ್ಲಿ ಇದನ್ನು ಹೇಗೆ ವಿವರಿಸಿದ್ದೀರಿ, ದಯವಿಟ್ಟು ತಿಳಿಸಿ.

ಸರ್ವರ್ ಪಕ್ಕದವನು:

ಮೇಡಂ, ನಾನು ಗ್ರಂಥಾಲಯ ವಿಜ್ಞಾನ ಓದಿದವನಲ್ಲ. ಇಂಥ ವ್ಯವಸ್ಥೆಗಳನ್ನು ಕಟ್ಟುವ, ಹಳೆಯ ಕಡತಗಳನ್ನು ಅವುಗಳೊಳಗೆ ಸಾಗಿಸುವ ತಾಂತ್ರಿಕ ವಿಭಾಗದವನು. ನೇರವಾಗಿಯೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನಾನು ಕೆಲಸ ಮಾಡಿದ ಸಂಸ್ಥೆಯೊಂದರಲ್ಲಿ ಗ್ರಂಥಾಲಯದವರ ಮಾತು ಕೇಳಿ, ಪ್ರತಿ ದಾಖಲೆ ಸೇರಿಸುವಾಗಲೂ ತುಂಬಬೇಕಾದ 22 ಖಾನೆಗಳ ನಮೂನೆಯೊಂದನ್ನು ಇಟ್ಟೆವು. ವಿಷಯ, ಉಪವಿಷಯ, ವರ್ಗಸಂಖ್ಯೆ, ಇನ್ನೂ ಏನೇನೋ. ಎಲ್ಲವೂ ಕಡ್ಡಾಯ. ಒಂದು ವರ್ಷದ ನಂತರ ನೋಡಿದರೆ ಬಹುತೇಕ ಖಾನೆಗಳಲ್ಲಿ ಇದ್ದದ್ದು ಒಂದೊಂದು ಚುಕ್ಕೆ. ಸಿಬ್ಬಂದಿಯನ್ನು ದೂರಲಾರೆ. ಸಂಜೆ ಆರಕ್ಕೆ ಮನೆಗೆ ಹೊರಟವರು ವರ್ಗಸಂಖ್ಯೆ ಹುಡುಕುತ್ತಾ ಕೂರುತ್ತಾರೆಯೇ? ಹೀಗಾಗಿ ಪೂರ್ಣಪಠ್ಯ ಹುಡುಕಾಟವೇ ವಾಸಿ ಎಂಬ ನಿಲುವಿಗೆ ನಾನು ಬಂದೆ. ದಾಖಲೆಯೊಳಗಿನ ಪ್ರತಿ ಪದವನ್ನೂ ಯಂತ್ರ ಓದುವಾಗ ಮೇಲೊಂದು ಚೀಟಿ ಏಕೆ ಅಂಟಿಸಬೇಕು? ಯಾರಾದರೂ ಒಪ್ಪುವಂತೆ ಹೇಳಿದರೆ ನಿಲುವು ಬದಲಿಸಲು ಸಿದ್ಧನಿದ್ದೇನೆ.

ಕಡತಪಾಲ:

ಚುಕ್ಕೆಗಳ ಕಥೆ ನನಗೂ ಗೊತ್ತು, ಸರ್. ಅದು ನಮೂನೆ ಮಾಡಿದವರ ಸೋಲು. 22 ಖಾನೆ ಕೇಳುವುದು ಸುಲಭ; ಯಾವುದನ್ನು ಕೇಳಬಾರದು ಎಂದು ತೀರ್ಮಾನಿಸುವುದಕ್ಕೆ ತರಬೇತಿ ಬೇಕು. ದಾಖಲೆಯ ವಿವರಗಳನ್ನು ನಮೂದಿಸಲು ಬಳಸುವ ಡಬ್ಲಿನ್ ಕೋರ್ ಎಂಬ ಮಾದರಿಯನ್ನೇ ನೋಡಿ. 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್ ಊರಿನಲ್ಲಿ ಗ್ರಂಥಪಾಲಕರೂ ಕಂಪ್ಯೂಟರ್ ತಜ್ಞರೂ ಒಟ್ಟಿಗೆ ಕುಳಿತ ಸಭೆಯಿಂದ ಅದು ಬೆಳೆಯಿತು. ಅದರ ಮೂಲ ಅಂಶಗಳು 15, ಅವುಗಳಲ್ಲಿ ಒಂದೂ ಕಡ್ಡಾಯವಲ್ಲ. ಬೇಕಾದದ್ದನ್ನು ಬೇಕಾದಷ್ಟು ಸಲ ಬಳಸಬಹುದು, ಬೇಡವಾದದ್ದನ್ನು ಬಿಡಬಹುದು.

ನಮ್ಮಲ್ಲಿ ನಾವು ಐದಕ್ಕೆ ಇಳಿಸಿದೆವು. ಸೃಷ್ಟಿಸಿದವರು, ದಿನಾಂಕ, ಕಡತದ ಮಾದರಿ: ಈ ಮೂರನ್ನು ಯಂತ್ರವೇ ತುಂಬುತ್ತದೆ. ಯೋಜನೆಯ ಹೆಸರನ್ನು ಪಟ್ಟಿಯಿಂದ ಆರಿಸಬೇಕು. ಐದನೆಯದು ದಾಖಲೆಯ ಸ್ಥಿತಿ: ಕರಡು, ಅಂಗೀಕೃತ, ರದ್ದಾದದ್ದು. ಹಸಿರು ಬೀರು ಮೇಡಂ ಹೇಳಿದ ಅವಘಡವನ್ನು ತಡೆಯುವುದು ಈ ಐದನೆಯ ಖಾನೆ. "ನನ್ನನ್ನು ರದ್ದು ಮಾಡಲಾಗಿದೆ" ಎಂದು ಹಳೆಯ ಆವೃತ್ತಿಯ ಒಳಗಿನ ಯಾವ ಪುಟದಲ್ಲೂ ಬರೆದಿರುವುದಿಲ್ಲ. ಅದು ಅಂಗೀಕೃತವಾಗಿದ್ದ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಪೂರ್ಣಪಠ್ಯ ಹುಡುಕಾಟ ಎಷ್ಟೇ ಚುರುಕಾಗಿದ್ದರೂ ಪಠ್ಯದಲ್ಲಿ ಇಲ್ಲದ ಸಂಗತಿಯನ್ನು ಎಲ್ಲಿಂದ ಹೆಕ್ಕಬೇಕು? ಹೊರಗಿನಿಂದ ಯಾರಾದರೂ ಬಂದು ಹೇಳಬೇಕು, ಹೇಳಿದವರು ಅದಕ್ಕೆ ಜವಾಬ್ದಾರರೂ ಆಗಿರಬೇಕು.

ಇನ್ನೊಂದು ಮಾತು. ಎಲ್ಲವನ್ನೂ ಇಟ್ಟುಕೊಳ್ಳುವುದು ಕ್ಷೇಮ ಎಂಬ ನಂಬಿಕೆಯಿದೆ. ಡಿಸ್ಕ್ ಅಗ್ಗವಾದಾಗಿನಿಂದ ಅದು ಇನ್ನೂ ಬಲವಾಗಿದೆ. ಅವಧಿ ಮುಗಿದ ದಾಖಲೆಯನ್ನು ನಿಯಮದ ಪ್ರಕಾರ ವಿಲೇವಾರಿ ಮಾಡುವುದು, ಏಕೆ ಮಾಡಿದೆವೆಂದು ಬರೆದಿಡುವುದು ನನ್ನ ಕೆಲಸದ ಅರ್ಧ ಪಾಲು. ಇದನ್ನು ಕೇಳಿದವರು ಹೌಹಾರುತ್ತಾರೆ, ಆದರೆ ಒಂದೇ ವರದಿಯ ಏಳು ಕರಡುಗಳ ನಡುವೆ ಅಂಗೀಕೃತ ಪ್ರತಿಯನ್ನು ಹುಡುಕಿ ಸುಸ್ತಾದವರಿಗೆ ತಕ್ಷಣ ಅರ್ಥವಾಗುತ್ತದೆ.

ವಾರ್ಡಿನ ಆಚೆ:

ನಾನು ಆಸ್ಪತ್ರೆಯ ಗ್ರಂಥಾಲಯದಲ್ಲಿದ್ದೇನೆ. ಕಡತಪಾಲರು ಹೇಳಿದ "ರದ್ದಾದದ್ದು" ಎಂಬ ಗುರುತು ನಮ್ಮಲ್ಲಿ ರೋಗಿಯ ಜೀವಕ್ಕೆ ಸಂಬಂಧಿಸಿದ ವಿಷಯ.

ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಲೇಖನ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ನಡುವೆ ಹನ್ನೆರಡು ವರ್ಷ. ಪತ್ರಿಕೆಯ ಜಾಲತಾಣದಲ್ಲಿ ಈಗ ಆ ಲೇಖನದ ಮೇಲೆ ಹಿಂತೆಗೆದ ಸೂಚನೆ ಇದೆ. ಆದರೆ 2005ರಲ್ಲಿ ಯಾರಾದರೂ ಅದನ್ನು ಇಳಿಸಿಕೊಂಡು ವಿಭಾಗದ ಹಂಚಿಕೆಯ ಫೋಲ್ಡರಿನಲ್ಲಿ ಇಟ್ಟಿದ್ದರೆ ಆ ಪ್ರತಿಗೆ ಈ ಸುದ್ದಿ ಮುಟ್ಟುವುದೇ ಇಲ್ಲ. ಮುದ್ರಿತ ಪತ್ರಿಕೆಯ ಕಾಲದಲ್ಲಿ ತಿದ್ದುಪಡಿ ಚೀಟಿ ಬಂದಾಗ ನಾವೇ ಹೋಗಿ ಬೈಂಡ್ ಮಾಡಿದ ಸಂಪುಟದೊಳಗೆ ಅಂಟಿಸುತ್ತಿದ್ದೆವು. ಸಂಪುಟ ಒಂದೇ ಇತ್ತು, ಅದು ಎಲ್ಲಿದೆ ಎಂದು ಗೊತ್ತಿತ್ತು. ಈಗ ಪ್ರತಿಗಳು ಎಷ್ಟಿವೆ, ಯಾರ ಯಾರ ಬಳಿ ಇವೆ ಎಂಬುದೇ ತಿಳಿಯದು.

ಅದಕ್ಕಾಗಿ ನಮ್ಮಲ್ಲಿ ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ: ಫೋಲ್ಡರಿನಲ್ಲಿ ಲೇಖನದ ಪ್ರತಿ ಇಡುವುದಿಲ್ಲ, ಅದರ ಡಿಒಐ (ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಗುರುತು) ಕೊಂಡಿಯನ್ನು ಇಡುತ್ತೇವೆ. ಪ್ರಕಾಶಕರು ತಾಣ ಬದಲಿಸಿದರೂ, ನೋಂದಣಿಯಲ್ಲಿ ಹೊಸ ವಿಳಾಸವನ್ನು ಸರಿಪಡಿಸಿದರೆ ಆ ಗುರುತು ಸರಿಯಾದ ಜಾಗಕ್ಕೇ ಒಯ್ಯುತ್ತದೆ. ಓದುವವರು ಪ್ರತಿ ಸಲವೂ ಮೂಲಕ್ಕೆ ಹೋಗುತ್ತಾರೆ, ಸೂಚನೆ ಇದ್ದರೆ ಕಣ್ಣಿಗೆ ಬೀಳುತ್ತದೆ. ಚಿಕಿತ್ಸಾ ಮಾರ್ಗಸೂಚಿಗಳ ಉಲ್ಲೇಖಗಳನ್ನು ನಾನೇ ಮೂರು ತಿಂಗಳಿಗೊಮ್ಮೆ ಒಂದೊಂದಾಗಿ ಪರಿಶೀಲಿಸುತ್ತೇನೆ. ಬೇಸರದ ಕೆಲಸ. ಎರಡು ಬಾರಿ ಏನೋ ಸಿಕ್ಕಿದೆ. ಆ ಎರಡು ಬಾರಿಗಾಗಿ ಉಳಿದ ಬೇಸರವನ್ನೆಲ್ಲ ನಾನು ಸಂತೋಷದಿಂದ ಸಹಿಸುತ್ತೇನೆ.

ಹಳೆಯ ಕಪಾಟು:

ನಾನು ನಿವೃತ್ತನಾಗಿ ಬಹಳ ಕಾಲವಾಯಿತು. ಆದರೂ ಈ ಚರ್ಚೆ ಓದುತ್ತಿದ್ದಂತೆ ಸುಮ್ಮನಿರಲಾಗಲಿಲ್ಲ.

ಸೂಚಿ ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕಿದ ಪೀಳಿಗೆ ನಮ್ಮದು. ನಮ್ಮ ಸಂಸ್ಥೆಯಲ್ಲಿ ಆ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ಒಂದು ಪುಸ್ತಕಕ್ಕೆ ಇಷ್ಟು ಎಂದು ದರ ನಿಗದಿಯಾಯಿತು. ಬಂದ ಹುಡುಗರು ಚುರುಕಾಗಿದ್ದರು, ಅಚ್ಚುಕಟ್ಟಾಗಿ ಟೈಪ್ ಮಾಡಿದರು. ಆದರೆ ಡ್ರಾಯರುಗಳಲ್ಲಿ ಪುಸ್ತಕದ ಕಾರ್ಡುಗಳ ಜೊತೆಗೆ ಇನ್ನೊಂದು ಬಗೆಯ ಕಾರ್ಡುಗಳಿದ್ದವು. ಅವುಗಳ ಮೇಲೆ ಪುಸ್ತಕದ ಹೆಸರಿರಲಿಲ್ಲ. "ಕ್ಷಯ: ಟಿಬಿ ನೋಡಿ." "ಇಂಥ ಇಲಾಖೆ: ಈಗಿನ ಹೆಸರು ಹೀಗಿದೆ, ಅಲ್ಲಿ ನೋಡಿ." ನಾವು ಅವುಗಳನ್ನು "ನೋಡಿ ಕಾರ್ಡು" ಎನ್ನುತ್ತಿದ್ದೆವು. ಓದುಗರೊಬ್ಬರು ಬಂದು ಬೇರೆ ಪದದಿಂದ ಕೇಳಿದಾಗೆಲ್ಲ ಅಂದು ಸಂಜೆಯೇ ಒಂದು ಹೊಸ ನೋಡಿ ಕಾರ್ಡು ಬರೆದು ಸೇರಿಸುತ್ತಿದ್ದೆವು. ಮೂವತ್ತು ವರ್ಷಗಳ ಓದುಗರು ಕೇಳಿದ ಬಗೆಬಗೆಯ ಪದಗಳು ಆ ಡ್ರಾಯರುಗಳಲ್ಲಿ ಕೂಡಿಬಂದಿದ್ದವು.

ಅವು ಪುಸ್ತಕವಲ್ಲವಾದ್ದರಿಂದ ಅವುಗಳಿಗೆ ದರವಿರಲಿಲ್ಲ. ದರವಿಲ್ಲವಾದ್ದರಿಂದ ಅವುಗಳನ್ನು ಯಾರೂ ಟೈಪ್ ಮಾಡಲಿಲ್ಲ. ಹೊಸ ಸೂಚಿ ಸಿದ್ಧವಾಯಿತು, ಪೂಜೆಯಂಥ ಸಂಭ್ರಮ ನಡೆಯಿತು. ಮರುವಾರದಿಂದ ಓದುಗರು "ನಿಮ್ಮಲ್ಲಿ ಈ ವಿಷಯದ ಪುಸ್ತಕವೇ ಇಲ್ಲವಂತೆ" ಎಂದು ಹೇಳಲು ಬಂದರು. ಪುಸ್ತಕಗಳಿದ್ದವು. ಅವುಗಳ ಕಡೆಗೆ ಹೋಗುವ ಕಾಲುದಾರಿ ಹೋಗಿತ್ತು. ಗುತ್ತಿಗೆಯ ಕರಾರನ್ನು ಓದಿ ಸಹಿ ಹಾಕುವ ಮೊದಲು ಒಂದು ಸಾಲು ಸೇರಿಸಿ ಎಂದು ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ಆ ನೋವು ಇಂದಿಗೂ ಇದೆ.

ಮೇಡಂ, ನಿಮ್ಮ ಸಂಸ್ಥೆಯಲ್ಲಿ ಹುಡುಕಾಟದ ದಾಖಲೆ ಸಿಗುತ್ತದೆಯೇ? ಯಾರು ಯಾವ ಪದ ಹಾಕಿದರು, ಏನೂ ಸಿಗದೆ ವಾಪಸಾದರು ಎಂಬುದು? ನಮ್ಮ ಕಾಲದಲ್ಲಿ ಅದನ್ನು ತಿಳಿಯಲು ಓದುಗರ ಮುಖ ನೋಡಬೇಕಾಗಿತ್ತು.

ಸರ್ವರ್ ಪಕ್ಕದವನು:

ಹಳೆಯ ಕಪಾಟು ಸರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ. ವರ್ಗಾವಣೆಯ ಕರಾರುಗಳನ್ನು ಬರೆಯುವವರಲ್ಲಿ ನಾನೂ ಒಬ್ಬ. ದಾಖಲೆಗೆ ಇಷ್ಟು ಎಂದೇ ಎಣಿಸುತ್ತೇವೆ. ದಾಖಲೆಗಳ ನಡುವಿನ ಸಂಬಂಧವನ್ನು ಎಣಿಸಿದ್ದು ನನಗೆ ನೆನಪಿಲ್ಲ.

ಹುಡುಕಾಟದ ದಾಖಲೆ ಬಹುತೇಕ ಎಲ್ಲ ವ್ಯವಸ್ಥೆಗಳಲ್ಲೂ ಇರುತ್ತದೆ, ಮೇಡಂ. ಯಾರೂ ಕೇಳುವುದಿಲ್ಲವಾದ್ದರಿಂದ ಕೆಲವು ತಿಂಗಳಿಗೊಮ್ಮೆ ಅಳಿಸಿಬಿಡುತ್ತೇವೆ. ನಾಳೆಯೇ ಕೇಳಿ. ಬಳಕೆದಾರರ ಹೆಸರು ತೆಗೆದು, ಪದ ಮತ್ತು ಸಿಕ್ಕ ಫಲಿತಾಂಶಗಳ ಸಂಖ್ಯೆ ಮಾತ್ರ ಕೊಡಿ ಎನ್ನಿ. ಯಾರು ಏನು ಹುಡುಕಿದರು ಎಂಬುದು ಅವರ ಖಾಸಗಿ ವಿಷಯ. ಅದನ್ನು ಕೇಳಿದರೆ ನಿಮ್ಮ ಮೇಲಿನ ವಿಶ್ವಾಸವೂ ಹೋಗುತ್ತದೆ.

ಕರಾರು ಕೋಣೆ:

ಪ್ರಕಾಶಕರ ಜೊತೆ ಪರವಾನಗಿ ಒಪ್ಪಂದ ಮಾಡಿಕೊಳ್ಳುವುದೇ ನನ್ನ ದಿನದ ಬಹುಪಾಲು, ಆದ್ದರಿಂದ ಆ ಮೂಲೆಯಿಂದ ಒಂದು ಮಾತು. ಮುದ್ರಿತ ಪುಸ್ತಕ ಕೊಂಡರೆ ಅದು ನಮ್ಮದು. ಇ-ಪುಸ್ತಕ, ಇ-ಪತ್ರಿಕೆಗಳಲ್ಲಿ ಹೆಚ್ಚಾಗಿ ನಾವು ಪಡೆಯುವುದು ಓದುವ ಅನುಮತಿ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಗ್ರಾಹಕರು ದುಡ್ಡು ಕೊಟ್ಟು ತೆಗೆದುಕೊಂಡಿದ್ದ ಪುಸ್ತಕಗಳು ಕೂಡ ತೆರೆಯದಾದವು. ಹಣ ಮರಳಿಸಿದರು ನಿಜ. ಆದರೆ ಸಂಸ್ಥೆಯೊಂದಕ್ಕೆ ಬೇಕಾಗಿರುವುದು ಹತ್ತು ವರ್ಷದ ಪತ್ರಿಕೆಯ ಹಳೆಯ ಸಂಚಿಕೆಗಳು, ಅವುಗಳ ಬೆಲೆಯಲ್ಲ.

ಒಪ್ಪಂದದಲ್ಲಿ ನಾನು ಮೊದಲು ಹುಡುಕುವುದು ಒಂದೇ ಸಾಲು: ಚಂದಾ ನಿಲ್ಲಿಸಿದರೆ, ಹಣ ಕೊಟ್ಟ ವರ್ಷಗಳ ಸಂಚಿಕೆಗಳು ನಮಗೆ ಉಳಿಯುತ್ತವೆಯೇ? ಎಷ್ಟೋ ಕಡೆ ಖರೀದಿ ವಿಭಾಗದವರು ಬೆಲೆ ನೋಡಿ ಸಹಿ ಮಾಡಿಬಿಡುತ್ತಾರೆ. ಸಾಫ್ಟ್‌ವೇರ್ ಕೊಳ್ಳುವವರಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ, ಏಕೆಂದರೆ ಹಳೆಯ ಸಾಫ್ಟ್‌ವೇರ್ ಯಾರಿಗೂ ಬೇಡ. ಹಳೆಯ ಸಂಚಿಕೆ ಬೇಕಾಗುತ್ತದೆ ಎಂಬುದು ಓದುಗರ ಎದುರು ಕುಳಿತವರಿಗೆ ಗೊತ್ತು. ನಿಮ್ಮ ಒಂದು ಪುಟದಲ್ಲಿ ಇದಕ್ಕೆ ಜಾಗ ಕೊಡಿ, ಮೇಡಂ.

ಹೊಸ ಪದವೀಧರೆ:

ನಮಸ್ಕಾರ. ಈ ವರ್ಷ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಮುಗಿಸಿದೆ. ಹಿರಿಯರ ಅನುಭವ ಕೇಳಿ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಉದ್ಯೋಗದ ಜಾಹೀರಾತುಗಳಲ್ಲಿ ಪೈಥಾನ್, ಡೇಟಾಬೇಸ್ ಎಂದೆಲ್ಲ ಕೇಳುತ್ತಾರೆ. ನಾವು ಪ್ರೋಗ್ರಾಮಿಂಗ್ ಕಲಿಯಲೇಬೇಕೇ? ಕಲಿತರೆ ಮತ್ತೆ ಗ್ರಂಥಪಾಲಕಿಯಾಗಿ ಉಳಿಯುತ್ತೇನೆಯೇ?

ಸರ್ವರ್ ಪಕ್ಕದವನು:

ಖಂಡಿತ ಕಲಿಯಿರಿ. ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಸರಳ ಪ್ರಶ್ನೆ ಬರೆಯಲು ಬಂದರೆ ಅರ್ಧ ಕೆಲಸ ಆಯಿತು. ಹತ್ತು ಸಾವಿರ ನಮೂದುಗಳಲ್ಲಿ ಒಂದೇ ಹೆಸರು ನಾಲ್ಕು ಕಾಗುಣಿತದಲ್ಲಿದ್ದರೆ ಹುಡುಕಿ ಒಂದಾಗಿಸಲು ಬರಬೇಕು. ನಮ್ಮ ಬಳಿ ಬಂದು "ಇದನ್ನು ತೆಗೆದುಕೊಡಿ" ಎಂದು ಕೇಳಿದರೆ ಮೂರು ವಾರ ಕಾಯಬೇಕಾಗುತ್ತದೆ.

ಹಳೆಯ ಕಪಾಟು:

ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಮೊದಲು ಓದುಗರ ಪ್ರಶ್ನೆಯನ್ನು ಬಿಡಿಸಲು ಕಲಿಯಮ್ಮ. "ಸೇತುವೆಗಳ ಬಗ್ಗೆ ಏನಿದೆ?" ಎಂದು ಕೇಳಿದವರಿಗೆ ನಿಜವಾಗಿ ಬೇಕಾಗಿರುವುದು ತುಕ್ಕು ಹಿಡಿದ ಒಂದು ಬೋಲ್ಟಿನ ಮಾಹಿತಿ ಆಗಿರುತ್ತದೆ. ಎರಡು ಮೂರು ಮಾತು ಕೇಳಿ, ಅವರಿಗೆ ಮುಜುಗರವಾಗದಂತೆ ಆ ಬೋಲ್ಟಿನ ತನಕ ಬರುವುದನ್ನು ನಾನು ಹತ್ತು ವರ್ಷ ಕಲಿತೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಬೇಡದ್ದನ್ನು ಬೇಗ ಕೊಟ್ಟರೆ ಯಾರ ಸಮಯವೂ ಉಳಿಯುವುದಿಲ್ಲ.

ಕಡತಪಾಲ:

ಇಬ್ಬರ ಮಾತನ್ನೂ ಒಪ್ಪಿಕೊಂಡು ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. ಪುಸ್ತಕದ ವಿವರವನ್ನು ಯಂತ್ರ ಓದುವಂತೆ ಬರೆದಿಡುವ, ಇಂದಿಗೂ ಸೂಚಿಗಳ ಬೆನ್ನೆಲುಬಾಗಿರುವ ಮಾರ್ಕ್ ಮಾದರಿಯನ್ನು 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ರೂಪಿಸಿದ ಹೆನ್ರಿಯೆಟ್ ಅವ್ರಮ್ ಗ್ರಂಥಪಾಲಕಿಯಾಗಿ ತರಬೇತಿ ಪಡೆದವರಲ್ಲ. ಅವರು ಕಂಪ್ಯೂಟರ್ ಪ್ರೋಗ್ರಾಮರ್. ಸೂಚಿಕಾರರ ಜೊತೆ ಕುಳಿತು, ಕಾರ್ಡಿನ ಮೇಲಿನ ಒಂದೊಂದು ಅಂಶವೂ ಏಕೆ ಇದೆ ಎಂದು ತಿಳಿದುಕೊಂಡು ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ಬಿಡಿಸಿದರು. ಅತ್ತಲಿಂದ ಇತ್ತ ಬಂದವರು ಅವರು; ನೀವು ಇತ್ತಲಿಂದ ಅತ್ತ ಹೋಗಿ. ಗ್ರಂಥಪಾಲಕಿಯಾಗಿ ಉಳಿಯುತ್ತೀರೋ ಇಲ್ಲವೋ ಎಂಬ ಭಯ ಬೇಡ. ಗ್ರಂಥಾಲಯ ನಿರ್ವಹಣೆಯ ಕೊಹಾ ಎಂಬ ಮುಕ್ತ ತಂತ್ರಾಂಶ ಹುಟ್ಟಿದ್ದೇ ನ್ಯೂಜಿಲೆಂಡಿನ ಒಂದು ಸಣ್ಣ ಗ್ರಂಥಾಲಯ ಸಮೂಹಕ್ಕೆ ತನ್ನ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ದಾಟಲಾರದು ಎಂದು ಗೊತ್ತಾದಾಗ. ತಮಗೇನು ಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲವರು ಅಲ್ಲಿದ್ದರು, ಅದನ್ನು ಬರೆಯಬಲ್ಲವರು ಜೊತೆಗೆ ಸಿಕ್ಕರು.

ವಾರ್ಡಿನ ಆಚೆ:

ಕೃತಕ ಬುದ್ಧಿಮತ್ತೆಯ ವಿಷಯವನ್ನು ಇನ್ನೂ ಯಾರೂ ಎತ್ತಿಲ್ಲ. ಆಡಳಿತದವರು ಮುಂದಿನ ಸಭೆಯಲ್ಲಿ ಅದನ್ನೇ ಕೇಳುತ್ತಾರೆ, ನೋಡಿ. ನಮ್ಮಲ್ಲಿ ಒಬ್ಬ ವೈದ್ಯರು ಹನ್ನೊಂದು ಲೇಖನಗಳ ಪಟ್ಟಿ ತಂದು ತರಿಸಿಕೊಡಿ ಎಂದರು. ನಾಲ್ಕು ಲೇಖನಗಳು ಎಲ್ಲಿಯೂ ಇರಲಿಲ್ಲ. ಪತ್ರಿಕೆಯ ಹೆಸರು ನಿಜ, ಲೇಖಕರ ಹೆಸರು ನಿಜ, ಲೇಖನ ಮಾತ್ರ ಇಲ್ಲ. ಪಟ್ಟಿಯನ್ನು ಚಾಟ್‌ಬಾಟ್ ಕೊಟ್ಟಿತ್ತು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಇಂಥದೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿದ್ದಿತು. ನಮ್ಮ ವೈದ್ಯರು ಒಳ್ಳೆಯವರು, ಕೇಳುವ ಮೊದಲು ಬಳಸಲಿಲ್ಲ. ಈಗ ಅವರ ವಿಭಾಗದವರೆಲ್ಲ ಪಟ್ಟಿಯನ್ನು ಮೊದಲು ನನಗೆ ಕಳುಹಿಸುತ್ತಾರೆ.

ಸಂಸ್ಥೆಯೊಳಗಿನ ದಾಖಲೆಗಳ ಮೇಲೆ ಇಂಥ ಸಹಾಯಕವನ್ನು ಕೂರಿಸಿದರೆ ಹಸಿರು ಬೀರು ಅವರ ಹಳೆಯ ಮಾನದಂಡದ ತೊಂದರೆ ಇನ್ನೂ ದೊಡ್ಡದಾಗುತ್ತದೆ. ಮೊದಲು ಪಟ್ಟಿಯಾದರೂ ಕಾಣುತ್ತಿತ್ತು, ಎರಡನೆಯ ಸಾಲಿನಲ್ಲಿ ಹೊಸ ಆವೃತ್ತಿ ಇತ್ತು. ಈಗ ಒಂದೇ ಉತ್ತರ, ಅದೂ ಸೊಗಸಾದ ವಾಕ್ಯಗಳಲ್ಲಿ.

ಹಸಿರು ಬೀರು (ಚರ್ಚೆ ಆರಂಭಿಸಿದವರು):

ಎಲ್ಲರಿಗೂ ಕೈ ಮುಗಿಯುತ್ತೇನೆ. ಹನ್ನೆರಡು ದಿನಗಳ ನಂತರ ಬಂದು ಬರೆಯುತ್ತಿದ್ದೇನೆ, ಕ್ಷಮಿಸಿ.

ಹುಡುಕಾಟದ ದಾಖಲೆ ಕೇಳಿದೆ. ತಾಂತ್ರಿಕ ವಿಭಾಗದವರು ಹೆಸರುಗಳನ್ನು ತೆಗೆದು ಆರು ತಿಂಗಳದ್ದನ್ನು ಕೊಟ್ಟರು. ಫಲಿತಾಂಶ ಸೊನ್ನೆಯಾದ ಪದಗಳನ್ನಷ್ಟೇ ಬೇರ್ಪಡಿಸಿ ಎರಡು ರಾತ್ರಿ ಕುಳಿತೆ. ಓದುತ್ತಾ ಹೋದಂತೆ ನನಗೆ ಒಬ್ಬೊಬ್ಬರ ಧ್ವನಿಯೇ ಕೇಳಿಸಿತು. ಹಳೆಯ ಯೋಜನೆಗಳನ್ನು ನಮ್ಮವರು ಎಂದೂ ಅಧಿಕೃತ ಹೆಸರಿನಿಂದ ಕರೆದವರಲ್ಲ. ಒಂದು ಜಲಾಶಯದ ಕೆಲಸಕ್ಕೆ "ಎರಡನೇ ಬಾಗಿಲು" ಎಂದು ಅಡ್ಡಹೆಸರು. ಅದನ್ನು ಹಾಕಿ ಹುಡುಕಿದವರು ಆರು ತಿಂಗಳಲ್ಲಿ 31 ಬಾರಿ ಬರಿಗೈಯಲ್ಲಿ ಹೋಗಿದ್ದಾರೆ. ಆ ಯೋಜನೆಯ ಎಲ್ಲ ನಕ್ಷೆಗಳೂ ವ್ಯವಸ್ಥೆಯಲ್ಲಿವೆ, ಅಂಕಿಗಳಿಂದ ಕೂಡಿದ ಕಡತಸಂಖ್ಯೆಯ ಕೆಳಗೆ. ಅವುಗಳಲ್ಲಿ ಎಷ್ಟೋ ನಕ್ಷೆಗಳು ಬರೀ ಚಿತ್ರಗಳು. ಯಂತ್ರ ಓದಲು ಪಠ್ಯವೇ ಇಲ್ಲ.

ಒಂದು ಪುಟದಲ್ಲಿ ನನ್ನ ಕೆಲಸಗಳ ಪಟ್ಟಿ ಬರೆಯಲಿಲ್ಲ. ಹೀಗೆ ಬರಿಗೈಯಲ್ಲಿ ಹೋದ 20 ಹುಡುಕಾಟಗಳನ್ನು ಎಡಗಡೆ ಬರೆದೆ. ಬಲಗಡೆ, ಅವರು ಹುಡುಕುತ್ತಿದ್ದ ದಾಖಲೆ ನಿಜಕ್ಕೂ ಎಲ್ಲಿದೆ ಎಂದು ಬರೆದೆ. ಕೆಳಗೆ ಮೂರು ಸಾಲು: ಆವೃತ್ತಿಯ ಸ್ಥಿತಿಯನ್ನು ಗುರುತಿಸುವ ಹೊಣೆ ನನಗೆ ಕೊಡಿ, ಹೊಸ ಒಪ್ಪಂದಗಳಿಗೆ ಸಹಿ ಹಾಕುವ ಮೊದಲು ನನಗೆ ತೋರಿಸಿ, ಮುಂದೆ ವ್ಯವಸ್ಥೆ ಬದಲಿಸುವಾಗ ಆರಂಭದ ಸಭೆಗೇ ಕರೆಯಿರಿ.

ಓದಿದವರು ಬಹಳ ಹೊತ್ತು ಎಡಗಡೆಯ ಸಾಲುಗಳನ್ನೇ ನೋಡುತ್ತಿದ್ದರು. "ಈ ಏಳನೆಯದನ್ನು ಹುಡುಕಿದವನು ನಾನು" ಎಂದರು. ಮೊದಲ ಎರಡಕ್ಕೆ ಒಪ್ಪಿಗೆ ಸಿಕ್ಕಿದೆ, ಮೂರನೆಯದನ್ನು ನೋಡೋಣ ಎಂದಿದ್ದಾರೆ. ವಾಚನ ಕೊಠಡಿ ಮಾತ್ರ ಹೋಗುತ್ತದೆ.

ಸೋಮವಾರ ಕಪಾಟುಗಳನ್ನು ಸಾಗಿಸುತ್ತಾರೆ. ಹಳೆಯ ಕಪಾಟು ಸರ್, ನಿಮ್ಮ ಬರಹ ಓದಿದ ದಿನವೇ ನಮ್ಮ ಕಾರ್ಡು ಡ್ರಾಯರುಗಳನ್ನು ತೆರೆದು ನೋಡಿದೆ. ನನಗಿಂತ ಮೊದಲಿದ್ದವರ ಕೈಬರಹದಲ್ಲಿ ನೋಡಿ ಕಾರ್ಡುಗಳಿವೆ, ಎರಡು ಡ್ರಾಯರ್ ತುಂಬ. "ಎರಡನೇ ಬಾಗಿಲು" ಕೂಡ ಇದೆ. ಆ ಎರಡು ಡ್ರಾಯರುಗಳನ್ನು ನನ್ನ ಮೇಜಿನ ಪಕ್ಕದಲ್ಲಿ ಇಡಿಸಿಕೊಂಡಿದ್ದೇನೆ. ದಿನಕ್ಕೆ 40ರಂತೆ ವ್ಯವಸ್ಥೆಗೆ ಸೇರಿಸಲು ಶುರು ಮಾಡಿದ್ದೇನೆ.